ಜಟೆ, ಜಡೆ, ಚವರಿ

ಹೆಣ್ಣಿನ ಕೇಶರಾಶಿಯನ್ನು ನಮ್ಮ ಕವಿಗಳು ಬಣ್ಣಿಸಿದಷ್ಟು ನಮ್ಮ ಇತಿಹಾಸಕಾರರು ವಿಚಾರಿಸಲಿಲ್ಲ. ಕವಿಗೆ ಅದು ಕಾರ್ಮುಗಿಲು, ದುಂಬಿಗಳ ಹಿಂಡು, ನವಿಲಿನ ಗರಿ. ಇತಿಹಾಸಕಾರನಿಗೆ ಅದು ಹಣಿಗೆಯಿಂದ ಬಿಡಿಸಿ ಹೊರಗೆಸೆದ ಕಸ. ರಾಜರ ಕಿರೀಟಗಳ ವರ್ಣನೆ ನಮಗೆ ಬೇಕಾದಷ್ಟು ಸಿಕ್ಕಿದೆ. ಕಿರೀಟವಿಲ್ಲದ ತಲೆಗಳ ಕಥೆ ಸಿಕ್ಕಿಲ್ಲ. ಆದರೂ ಮನುಷ್ಯನು ನೋವಿಲ್ಲದೆ ಬೆಳೆಸಿ, ಕತ್ತರಿಸಿ, ಹೆಣೆದು, ಹರಕೆ ಕೊಟ್ಟು, ಕೊನೆಗೆ ಮಾರಲೂ ಬಹುದಾದ ಮೈಯ ಭಾಗ ಇದು. ಆದ್ದರಿಂದಲೇ ಇದರ ಮೇಲೆ ಮನೆತನ, ದೇವರು, ರಂಗಭೂಮಿ, ಮಾರುಕಟ್ಟೆ ಎಲ್ಲವೂ ಒಂದೊಂದು ಕಾಲಕ್ಕೆ ತಮ್ಮ ಹಕ್ಕನ್ನು ಸಾಧಿಸಿವೆ. ಈ ದೊಡ್ಡ ಕಥೆಯಲ್ಲಿ ಒಂದು ಸಣ್ಣ ಎಳೆಯನ್ನು ಮಾತ್ರ ನಾನು ಇಲ್ಲಿ ಎತ್ತಿಕೊಂಡಿದ್ದೇನೆ. ಇದ್ದ ಕೂದಲಿಗೆ ಇಲ್ಲದ ಕೂದಲನ್ನು ಜೋಡಿಸಿಕೊಳ್ಳುವ ರೂಢಿ, ಹಾಗೆ ಮೊದಲ ಸಲ ಜೋಡಿಸಿಕೊಳ್ಳುವವಳು ಮಾಡಿಕೊಳ್ಳಬೇಕಾದ ಸಿದ್ಧತೆ, ಇವೇ ನನ್ನ ವಿಷಯ. ನಾನು ಆರಿಸಿಕೊಂಡ ನೆಲ ಬೆಳಗಾವಿ ಜಿಲ್ಲೆಯ ಉತ್ತರದ ಅಂಚು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಈ ಸೀಮೆಯಲ್ಲಿ ಕನ್ನಡವೂ ಮರಾಠಿಯೂ ಒಂದೇ ಅಂಗಳದಲ್ಲಿ ಆಡುತ್ತವೆ.

ಮೊದಲು ಮಾತಿನಿಂದಲೇ ಆರಂಭಿಸೋಣ. ಹೆರಳಿಗೆ ಸೇರಿಸಿ ಹೆಣೆಯುವ ಕೂದಲಿಗೆ ಕನ್ನಡದಲ್ಲಿ ಚವರಿ ಅಥವಾ ಚೌರಿ ಎನ್ನುತ್ತೇವೆ. ತಮಿಳರು ಸವುರಿ ಎನ್ನುತ್ತಾರೆ, ತೆಲುಗರು ಸವರಂ ಎನ್ನುತ್ತಾರೆ. ಮರಾಠಿಗರದು ಬೇರೆ ಮಾತು. ಅವರು ಗಂಗಾವನ ಎನ್ನುತ್ತಾರೆ. ನಮ್ಮ ಚವರಿಯ ಹಿಂದೆ ನಿಂತಿರುವುದು ಸಂಸ್ಕೃತದ ಚಮರೀ, ಅಂದರೆ ಹಿಮಾಲಯದ ದಟ್ಟ ಕೂದಲಿನ ಮೃಗ. ಅರಸರಿಗೂ ದೇವರಿಗೂ ಬೀಸುವ ಚಾಮರ ಆ ಮೃಗದ ಬಾಲದಿಂದ ಆದದ್ದು. ಕಾಳಿದಾಸನು ಕುಮಾರಸಂಭವದ ಮೊದಲ ಸರ್ಗದಲ್ಲಿ ಇದೇ ಮೃಗವನ್ನು ನೆನೆಯುತ್ತಾನೆ: ಪ್ರಾಣಿಗಳಿಗೆ ನಾಚಿಕೆಯೆಂಬುದು ಇದ್ದರೆ, ಪಾರ್ವತಿಯ ಕೇಶಪಾಶವನ್ನು ಕಂಡ ಚಮರಿಗಳು ತಮ್ಮ ಬಾಲದ ಮೇಲಿನ ಮೋಹವನ್ನು ಸಡಿಲಿಸುತ್ತಿದ್ದವು ಎಂಬುದು ಅವನ ಭಾವ. ಕವಿ ಚಮರಿಯನ್ನು ನಾಚಿಸಿದ; ನಮ್ಮ ಗೃಹಿಣಿ ಆ ಚಮರಿಯ ಹೆಸರನ್ನೇ ತನ್ನ ಹೆರಳಿಗೆ ಕಟ್ಟಿಕೊಂಡಳು. ಹಿಮಾಲಯವನ್ನು ಕಣ್ಣಿನಿಂದ ಕಾಣದ ದೂಧಗಂಗೆಯ ದಂಡೆಯ ಹೆಣ್ಣುಮಗಳ ತಲೆಯಲ್ಲಿ ಆ ಪರ್ವತದ ಒಂದು ಶಬ್ದ ನೆಲೆಸಿರುವುದು ಸೋಜಿಗವೇ ಸರಿ.

ಕೂದಲು ಉದ್ದವಾಗಲಿ, ದಟ್ಟವಾಗಲಿ ಎಂಬ ಆಸೆ ಇಂದು ನಿನ್ನೆಯದಲ್ಲ. ಅಥರ್ವವೇದದ ಆರನೆಯ ಕಾಂಡದಲ್ಲಿ ಕೂದಲು ಬೆಳೆಸುವ ಒಂದು ಬೇರಿನ ಕುರಿತು ಎರಡು ಪುಟ್ಟ ಸೂಕ್ತಗಳಿವೆ. ಇದ್ದ ಕೂದಲು ಗಟ್ಟಿಯಾಗಲಿ, ಹುಟ್ಟದ ಕೂದಲು ಹುಟ್ಟಲಿ, ಹುಟ್ಟಿದ್ದು ನೀಳವಾಗಲಿ ಎಂಬ ಪ್ರಾರ್ಥನೆ ಅಲ್ಲಿಯದು. ಆ ಬೇರನ್ನು ಅಗೆದವನು ಜಮದಗ್ನಿ. ಅಗೆದದ್ದು ತನ್ನ ಮಗಳಿಗಾಗಿ. ಉಗ್ರಕೋಪಿಯೆಂದು ನಾವು ಬಲ್ಲ ಋಷಿಯು ಮಗಳ ಕೂದಲಿಗಾಗಿ ನೆಲ ಅಗೆಯುತ್ತ ಕುಳಿತ ಚಿತ್ರ ಅಪರೂಪದ್ದು. ಈ ಜಮದಗ್ನಿಯ ಹೆಸರನ್ನು ಕೇಳುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಇನ್ನೊಂದು ಕಡೆ ಅವನನ್ನು ಕಾಣುವೆವು. ಬೇರಿನಿಂದ ಬೆಳೆಯದಿದ್ದರೆ ತಂದು ಸೇರಿಸುವುದು ಎರಡನೆಯ ಉಪಾಯ. ಈಜಿಪ್ಟ್ ದೇಶದ ಹೀರಾಕೊನ್‌ಪೊಲಿಸ್ ಎಂಬಲ್ಲಿ ಕ್ರಿ.ಪೂ. ಸುಮಾರು 3400ರ ಹೆಂಗಸೊಬ್ಬಳ ಸಮಾಧಿ ದೊರೆತಿದೆ. ಅವಳ ತಲೆಗೆ ಮದರಂಗಿಯ ಬಣ್ಣವಿತ್ತು, ಸೇರಿಸಿ ಹೆಣೆದ ಕೂದಲೂ ಇತ್ತು. ಪಿರಮಿಡ್ಡುಗಳು ಏಳುವುದಕ್ಕೆ ಎಷ್ಟೋ ಶತಮಾನ ಮೊದಲೇ ಚವರಿ ಹುಟ್ಟಿತ್ತು ಎಂದಾಯಿತು.

ನಮ್ಮ ಸೀಮೆಯ ಮನೆಗಳಲ್ಲಿ ಈ ಚವರಿ ಹುಟ್ಟುತ್ತಿದ್ದ ಬಗೆಯನ್ನು ಹಿರಿಯರು ಬಲ್ಲರು. ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುತ್ತವೆ. ಹಣಿಗೆಗೆ ಬಂದ ಆ ಕೂದಲನ್ನು ಹೆಂಗಸರು ಬೆರಳಿಗೆ ಸುತ್ತಿ, ಸಣ್ಣ ಉಂಡೆ ಮಾಡಿ, ಗೋಡೆಯ ಮಾಡದಲ್ಲಿಯೋ ಜಂತಿಯ ಸಂದಿನಲ್ಲಿಯೋ ಸಿಕ್ಕಿಸಿ ಇಡುತ್ತಿದ್ದರು. ಕೂದಲು ಅನ್ನದಲ್ಲಿ ಬೀಳಬಾರದು, ಕಾಲಿಗೆ ಸಿಕ್ಕಬಾರದು, ಕಂಡವರ ಕೈಗೆ ಹೋಗಬಾರದು ಎಂಬ ಎಚ್ಚರಿಕೆಯೂ ಅದರಲ್ಲಿ ಸೇರಿತ್ತು. ವರ್ಷಗಳು ಕಳೆದು ಉಂಡೆಗಳು ಸಾಕಷ್ಟಾದ ಮೇಲೆ ಅವನ್ನು ಸೀಗೆಕಾಯಿಯಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಸಿಕ್ಕು ಬಿಡಿಸಿ, ಎಳೆಗೂಡಿಸಿ, ಮೇಲ್ತುದಿಯನ್ನು ಕರಿಯ ದಾರದಿಂದ ಬಿಗಿಯುತ್ತಿದ್ದರು. ಅಲ್ಲಿಗೆ ಒಂದು ಚವರಿ ಸಿದ್ಧ. ಮಗಳ ಮದುವೆಗೆ, ಬಾಣಂತನದಲ್ಲಿ ಕೂದಲು ಸವೆದ ಸೊಸೆಗೆ, ಇಲ್ಲವೆ ನಡುವಯಸ್ಸಿನಲ್ಲಿ ತುರುಬು ಸಣ್ಣದಾದ ತನಗೇ ಅದು ಬೇಕಾಗುತ್ತಿತ್ತು. ಹರೆಯದಲ್ಲಿ ಉದುರಿದ ಕೂದಲನ್ನೇ ಮುಪ್ಪಿನಲ್ಲಿ ಮುಡಿಯುವ ಈ ಮಿತವ್ಯಯಕ್ಕೆ ಸಮನಾದುದು ಇನ್ನೊಂದು ಇರಲಾರದು. ತನ್ನ ಕೂದಲು, ತನ್ನ ಬಣ್ಣ, ತನ್ನ ಮನೆ. ಹೆಂಗಸು ಮೊದಲ ಚವರಿಗೆ ಸಿದ್ಧಳಾಗಲು ಹತ್ತು ಹದಿನೈದು ವರ್ಷ ಹಿಡಿಯುತ್ತಿತ್ತು. ಆ ಸಿದ್ಧತೆ ಹಣಿಗೆ ಹಿಡಿದ ಮೊದಲ ದಿನವೇ ಆರಂಭವಾಗುತ್ತಿತ್ತು. ಅಷ್ಟು ತಾಳ್ಮೆಯಿಲ್ಲದವರಿಗೆ ಜಾತ್ರೆಯ ಅಂಗಡಿಯಿತ್ತು. ಚಿಂಚಲಿಯ ಮಾಯಕ್ಕನ ಜಾತ್ರೆಯಂಥ ದೊಡ್ಡ ನೆರವಿಯಲ್ಲಿ ಬಳೆ, ಕುಂಕುಮ, ಕರಿಮಣಿಗಳ ಸಾಲಿನಲ್ಲಿ ಕರಿಯ ದಾರದ ಗೊಂಡೆಗಳೂ ಚವರಿಗಳೂ ತೂಗಾಡುವುದು ಹೊಸ ನೋಟವಲ್ಲ.

ಹೆಂಗಸರಿಗಿಂತಲೂ ಹೆಚ್ಚು ಆಸ್ಥೆಯಿಂದ ಪರರ ಕೂದಲನ್ನು ಧರಿಸಿದವರು ಈ ಭಾಗದ ಗಂಡಸರು ಎಂದರೆ ಕೇಳುಗರು ನಕ್ಕಾರು. ಕಾಗವಾಡದಿಂದ ಕೂಗಳತೆಯಲ್ಲಿ ಎಂಬಂತೆ ಇರುವ ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ಸೀತಾಸ್ವಯಂವರವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವೆಂದು ಅದನ್ನು ಎಣಿಸುತ್ತಾರೆ. ಕನ್ನಡನಾಡಿನ ಭಾಗವತರ ಆಟವೇ ಅದಕ್ಕೆ ಪ್ರೇರಣೆ. ಅಂದಿನಿಂದ ಎಷ್ಟೋ ದಶಕಗಳ ಕಾಲ ರಂಗದ ಮೇಲಿನ ಸೀತೆ, ಸುಭದ್ರೆ, ಸತ್ಯಭಾಮೆಯರೆಲ್ಲ ಹೆಚ್ಚಾಗಿ ಗಂಡಸರೇ. 1888ರಲ್ಲಿ ಹುಟ್ಟಿದ ಬಾಲಗಂಧರ್ವರು ಸ್ತ್ರೀಪಾತ್ರದಲ್ಲಿ ಧರಿಸಿದ ಸೀರೆಯ ಬಗೆ, ಹೂ ಮುಡಿದ ರೀತಿಗಳನ್ನು ಮನೆವಂದಿಗರ ಹೆಂಗಸರೇ ಅನುಕರಿಸಿದರು. ನಮ್ಮ ಬೆಳಗಾವಿ ಜಿಲ್ಲೆಯವರೇ ಆದ, 1914ರಿಂದ 2017ರವರೆಗೆ ನೂರನ್ನು ಮೀರಿ ಬಾಳಿದ ಏಣಗಿ ಬಾಳಪ್ಪನವರೂ ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳನ್ನು ಮಾಡಿದವರು. ಬಣ್ಣದ ಕೋಣೆಯಲ್ಲಿ ಕನ್ನಡಿಯ ಮುಂದೆ ಕುಳಿತ ಆ ನಟನ ಸಿದ್ಧತೆಯಲ್ಲಿ ಒಂದು ಗೌರವವಿತ್ತು. ಕೂದಲನ್ನು ತಾನೇ ಇಟ್ಟುಕೊಳ್ಳುತ್ತಿದ್ದ, ಆಟ ಮುಗಿದ ಮೇಲೆ ತಾನೇ ತೆಗೆದಿಡುತ್ತಿದ್ದ. ತೆಗೆದಿಡುವ ಈ ಸ್ವಾತಂತ್ರ್ಯವನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಇದೇ ನೆಲದಲ್ಲಿ ಕೂದಲಿನ ಚರಿತ್ರೆ ಬೇರೆ ಮೂರು ದಾರಿಗಳನ್ನೂ ಹಿಡಿಯಿತು: ಕಿತ್ತುಕೊಳ್ಳುವುದು, ಬೋಳಿಸುವುದು, ಗಂಟುಗಟ್ಟಲು ಬಿಡುವುದು. ಕೂದಲು ಸೇರಿಸಿಕೊಳ್ಳುವುದರ ಅರ್ಥ ತಿಳಿಯಬೇಕಾದರೆ ಈ ಮೂರನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಕಿತ್ತುಕೊಳ್ಳುವ ದಾರಿ ಜೈನ ಮುನಿಗಳದು. ಇಪ್ಪತ್ತನೆಯ ಶತಮಾನದ ದಿಗಂಬರ ಪರಂಪರೆಗೆ ಈ ಸೀಮೆ ಕೊಟ್ಟ ಆಚಾರ್ಯರ ಸಾಲು ಬೆರಗು ಹುಟ್ಟಿಸುವಂಥದು. 1872ರಲ್ಲಿ ಭೋಜ ಗ್ರಾಮದ ಪರಿಸರದಲ್ಲಿ ಜನಿಸಿದ ಶಾಂತಿಸಾಗರರು, ಕೋಥಳಿಯ ದೇಶಭೂಷಣರು, 1925ರಲ್ಲಿ ಶೇಡಬಾಳದಲ್ಲಿ ಜನಿಸಿದ ವಿದ್ಯಾನಂದರು, 1946ರಲ್ಲಿ ಸದಲಗಾದಲ್ಲಿ ಜನಿಸಿ 2024ರಲ್ಲಿ ದೇಹತ್ಯಾಗ ಮಾಡಿದ ವಿದ್ಯಾಸಾಗರರು ಇವರೆಲ್ಲ ಈ ಮಣ್ಣಿನವರೇ. ಮುನಿಗಳಾದವರು ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ತಲೆಯ, ಗಡ್ಡದ ಕೂದಲನ್ನು ತಮ್ಮ ಕೈಯಿಂದಲೇ ಕಿತ್ತುಕೊಳ್ಳುತ್ತಾರೆ, ಅದು ಕೇಶಲೋಚ. ಆ ದಿನ ಉಪವಾಸ. ನೋಡಿದವರ ಮೈ ಜುಮ್ಮೆನ್ನುತ್ತದೆ. ಆದರೆ ಇಲ್ಲಿ ಗಮನಿಸತಕ್ಕದ್ದು ನೋವನ್ನಲ್ಲ, ಆ ನೋವಿಗೆ ಮುಂಚಿನ ಸೋಪಾನಗಳನ್ನು. ಬ್ರಹ್ಮಚಾರಿ, ಅನಂತರ ಕ್ಷುಲ್ಲಕ, ಅನಂತರ ಐಲಕ, ಕೊನೆಗೆ ಮುನಿ. ಕ್ಷುಲ್ಲಕನಿಗೆ ಕತ್ತರಿ, ಕ್ಷೌರದ ಕತ್ತಿಗಳ ಅನುಮತಿಯುಂಟು. ಐಲಕನಿಂದ ಮೇಲೆ ಕೈಯೇ ಗತಿ. ಮುಂದೆ ಹೋಗಲು ಎಲ್ಲ ಮೆಟ್ಟಿಲುಗಳಲ್ಲೂ ಗುರುವಿನ ಪರೀಕ್ಷೆಯಿದೆ. ಕೂದಲನ್ನು ಬಿಡುವವನಿಗೆ ಇಷ್ಟು ದೀರ್ಘವಾದ ಸಿದ್ಧತೆಯನ್ನು ವಿಧಿಸಿದ ಧರ್ಮವು ಮನುಷ್ಯನ ಸಮ್ಮತಿಯನ್ನು ಹಗುರವಾಗಿ ಎಣಿಸಲಿಲ್ಲ.

ಬೋಳಿಸುವ ದಾರಿಯಲ್ಲಿ ಈ ಸಮ್ಮತಿಯೇ ಮಾಯವಾಗಿತ್ತು. ಗಂಡ ಸತ್ತ ಬ್ರಾಹ್ಮಣ ಹೆಂಗಸಿನ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಮನೆಗಳು ಕೃಷ್ಣೆಯ ಎರಡೂ ದಂಡೆಗಳಲ್ಲಿ ಇದ್ದವು. ಹತ್ತು ಹನ್ನೆರಡು ವರ್ಷದ ಬಾಲೆಗೆ ಸಿದ್ಧತೆಯೆಂದರೆ ಹಿತ್ತಿಲಲ್ಲಿ ಒಂದು ಮಣೆ, ಒಂದು ತಂಬಿಗೆ ನೀರು, ಹೊರಗೆ ಕಾದು ನಿಂತ ಕ್ಷೌರಿಕ. ಎಂ.ಕೆ. ಇಂದಿರಾ ಅವರ ಫಣಿಯಮ್ಮ ಕಾದಂಬರಿಯನ್ನು ಓದಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಆ ಕಾಲದಲ್ಲಿ, 1890ರಲ್ಲಿ, ಮುಂಬಯಿಯ ಕ್ಷೌರಿಕರು ಸಭೆ ಸೇರಿ ಇನ್ನು ಮುಂದೆ ವಿಧವೆಯರ ತಲೆ ಬೋಳಿಸೆವು ಎಂದು ನಿಶ್ಚಯಿಸಿದರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಬಳಗದ ನಾರಾಯಣ ಮೇಘಾಜಿ ಲೋಖಂಡೆಯವರು ಅದರ ಮುಂದಾಳು. ಕತ್ತಿ ಹಿಡಿದ ಕೈಯೇ ಕತ್ತಿಯನ್ನು ಕೆಳಗಿಟ್ಟ ಘಟನೆ ಇದು. ಮೂರು ವರ್ಷಗಳ ತರುವಾಯ, 1893ರಲ್ಲಿ, ಧೋಂಡೋ ಕೇಶವ ಕರ್ವೆಯವರು ಗೋದೂಬಾಯಿ ಎಂಬ ವಿಧವೆಯನ್ನು ಮದುವೆಯಾದರು. 1896ರಲ್ಲಿ ಅವರ ಆಶ್ರಮ ಆರಂಭವಾಯಿತು. ಮತ್ತೆ ಕೂದಲು ಬಿಟ್ಟ ವಿಧವೆಯನ್ನು ಕಂಡು ಮೂಗು ಮುರಿದವರ ಸಂಖ್ಯೆ ಕಡಿಮೆಯಾಗಲು ಇನ್ನೂ ಎರಡು ತಲೆಮಾರು ಬೇಕಾದವು.

ಇನ್ನು ಗಂಟುಗಟ್ಟಲು ಬಿಡುವ ದಾರಿ. ಇಲ್ಲಿ ಮಾತೇ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಹೆಣ್ಣುಮಕ್ಕಳು ಬಾಚಿ ಹೆಣೆದ ಜಡೆ, ಬಾಚದೆ ಹೆಪ್ಪುಗಟ್ಟಿದ ಜಟೆ ಇವು ಎರಡು ಶಬ್ದಗಳಲ್ಲ. ಜಟಾ ಎಂಬುದರ ತದ್ಭವವೇ ಜಡೆ. ಭಾಷೆ ಒಂದೇ ಎಂದದ್ದನ್ನು ಹಣಿಗೆ ಎರಡು ಮಾಡಿತು. ಹಣಿಗೆಯನ್ನು ಕಸಿದುಕೊಂಡರೆ ಜಡೆ ಮತ್ತೆ ಜಟೆಯಾಗುತ್ತದೆ. ಕೂದಲಿನ ಎಳೆಯ ಮೇಲೆ ಮೀನಿನ ಹೊರಮೈಯಂತೆ ಒಂದರ ಮೇಲೊಂದು ಒರಗಿದ ಸೂಕ್ಷ್ಮವಾದ ಹುರುಪೆಗಳಿವೆ. ತೊಳೆಯದೆ, ಬಾಚದೆ ಬಿಟ್ಟರೆ ಅವು ಒಂದಕ್ಕೊಂದು ಕಚ್ಚಿಕೊಂಡು, ಎಣ್ಣೆ, ಧೂಳು, ಬೆವರು ಸೇರಿ, ಕೆಲವು ತಿಂಗಳಲ್ಲಿ ಬಿಡಿಸಲಾಗದ ಗಂಟಾಗುತ್ತವೆ. ಇಷ್ಟೇ ಇದರ ರಹಸ್ಯ. ಆದರೆ ಸವದತ್ತಿಯ ಗುಡ್ಡಕ್ಕೂ ಅಥಣಿಯ ಸೀಮೆಯ ಕೋಕಟನೂರಿಗೂ ನಡೆದುಕೊಳ್ಳುವ ಅನೇಕ ಮನೆಗಳಲ್ಲಿ ಎಳೆಯ ಹುಡುಗಿಯ ತಲೆಯಲ್ಲಿ ಇಂಥ ಒಂದು ಗಂಟು ಕಾಣಿಸಿದರೆ, ಎಲ್ಲಮ್ಮ ಕರೆದಳು ಎಂದು ತಿಳಿಯುತ್ತಿದ್ದರು. ಹಣಿಗೆ ಮುಟ್ಟಿಸಬಾರದು, ಕತ್ತರಿ ತೋರಿಸಬಾರದು, ಭಂಡಾರ ಹಚ್ಚಬೇಕು. ಮುಂದೆ ಮುತ್ತು ಕಟ್ಟಬೇಕು. ಬಡ ದಲಿತ ಮನೆಯ ಹುಡುಗಿಗೆ ಕಟ್ಟಿದ ಆ ಮುತ್ತು ಅವಳನ್ನು ಎಲ್ಲಿಗೆ ಒಯ್ಯುತ್ತಿತ್ತು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಈ ಎಲ್ಲಮ್ಮ ಯಾರು? ರೇಣುಕೆ, ಜಮದಗ್ನಿಯ ಮಡದಿ. ವೇದದ ಋಷಿ ಮಗಳ ಕೂದಲು ಬೆಳೆಯಲೆಂದು ಬೇರು ಅಗೆದ. ಅವನ ಮಡದಿಯ ಹೆಸರಿನಲ್ಲಿ ನಾವು ನಮ್ಮ ಮಗಳ ಕೈಯ ಹಣಿಗೆಯನ್ನು ಕಸಿದೆವು. ತಾಯಿಯಾದವಳು ಇದನ್ನು ಕೇಳಿರಲಾರಳು, ಕೇಳಿದವರು ನಾವು.

ಜಟೆಯನ್ನು ಪವಿತ್ರವೆಂದು ಭಾವಿಸಿ ಹೆದರಿದವರು ನಾವೊಬ್ಬರೇ ಅಲ್ಲ. ಯೂರೋಪಿನ ಪೋಲೆಂಡ್ ದೇಶದಲ್ಲಿ ಇದು ಎಷ್ಟು ಹರಡಿತ್ತೆಂದರೆ ವೈದ್ಯಶಾಸ್ತ್ರದಲ್ಲಿ ಇದಕ್ಕೆ ಆ ದೇಶದ ಹೆಸರೇ ಅಂಟಿಕೊಂಡಿತು. ಕತ್ತರಿಸಿದರೆ ಕುರುಡರಾಗುತ್ತೇವೆ, ಹುಚ್ಚರಾಗುತ್ತೇವೆ ಎಂದು ಅಲ್ಲಿಯ ರೈತರು ಅಂಜುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕ್ರಾಕೋವ್ ನಗರದ ವೈದ್ಯ ಯೂಸೆಫ್ ದೀತ್ಲ್ ಇದು ಬಾಚದ ತಲೆಯೇ ಹೊರತು ಬೇರೇನಲ್ಲವೆಂದು ಹಟ ಹಿಡಿದು ತೋರಿಸಿಕೊಟ್ಟ. ನಮ್ಮಲ್ಲಿ ಮುಂಬಯಿ ಪ್ರಾಂತದ 1934ರ ದೇವದಾಸಿ ರಕ್ಷಣಾ ಕಾಯಿದೆ ಬಂದಿತು. ಕರ್ನಾಟಕದ 1982ರ ನಿಷೇಧ ಕಾಯಿದೆ ಬಂದಿತು. ನರೇಂದ್ರ ದಾಭೋಲಕರರು 1989ರಲ್ಲಿ ಸ್ಥಾಪಿಸಿದ ಮಹಾರಾಷ್ಟ್ರದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ಕಾರ್ಯಕರ್ತರು ಹೆಂಗಸರನ್ನು ಒಲಿಸಿ ಜಟೆ ಬಿಡಿಸುವ ಕೆಲಸವನ್ನು ಕೈಗೆತ್ತಿಕೊಂಡರು. ಕಾಯಿದೆಗಿಂತ ಗಟ್ಟಿಯಾದದ್ದು ಆ ಹೆಂಗಸರೇ ಕಟ್ಟಿಕೊಂಡ ಸಂಘಟನೆ. 1997ರಲ್ಲಿ ಘಟಪ್ರಭೆಯಲ್ಲಿ ರೂಪುಗೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಮುತ್ತು ಕಟ್ಟಿಸಿಕೊಂಡಿದ್ದವರದೇ ಸಂಸ್ಥೆ. ಅದರ ಮುಂಚೂಣಿಯಲ್ಲಿ ನಿಂತ ಸೀತವ್ವ ಜೋಡಟ್ಟಿಯವರು ಚಿಕ್ಕೋಡಿ ಸೀಮೆಯ ಕಬ್ಬೂರಿನವರು. ಏಳನೆಯ ವಯಸ್ಸಿಗೆ ಅವರಿಗೆ ಮುತ್ತು ಕಟ್ಟಲಾಗಿತ್ತು. 2018ರಲ್ಲಿ ಅವರಿಗೆ ಪದ್ಮಶ್ರೀ ಪುರಸ್ಕಾರ ಬಂದಾಗ, ಈ ಸೀಮೆಯ ಎಷ್ಟೋ ಅನಾಮಿಕ ಹೆಂಗಸರು ತಲೆಯೆತ್ತಿ ನಿಂತರು.

ಜಟೆ ತೆಗೆಸಿಕೊಂಡ ಒಬ್ಬ ತಾಯಿಯನ್ನು ನಾನು ಬಲ್ಲೆ. ಹೆಸರು ಬೇಡ. ಮೊಳಕಾಲು ಮುಟ್ಟುತ್ತಿದ್ದ ಆ ಭಾರ ಹೋದ ಮೇಲೆ ಕತ್ತು ತನ್ನಷ್ಟಕ್ಕೆ ಮೇಲಕ್ಕೆ ಏಳುತ್ತದೆ ಎಂದು ಆಕೆ ಬೆರಗಿನಿಂದ ಹೇಳುತ್ತಿದ್ದಳು. ಎರಡು ಬೆರಳು ಬೆಳೆದ ನರೆಗೂದಲಿನ ಮೇಲೆ ಕೈಯಾಡಿಸುತ್ತ ಆಕೆ ನನ್ನ ಮುಂದೆ ಆಡಿದ ಮಾತು ಇದು: "ಹಣಗಿ ಕೈಯಾಗ ಹಿಡದು ಹದಿನೆಂಟ ವರ್ಷ ಆಗಿತ್ತ ನೋಡು ಯವ್ವಾ. ಮೊದಲ ಒಂದು ಹಣಗಿ ತರಿಸಿಕೊಂಡೆ." ಕೂದಲು ಹೆಗಲು ಮುಟ್ಟಿದ ಮೇಲೆ ಆಕೆ ಜಾತ್ರೆಯಿಂದ ಒಂದು ಚವರಿ ಕೊಂಡಳು. ಮಗಳ ಮಗಳ ಮದುವೆಯಲ್ಲಿ ತುರುಬು ಕಟ್ಟಿ, ಅದಕ್ಕೆ ಅಬ್ಬಲಿಗೆ ಹೂ ಸುತ್ತಿ ಓಡಾಡಿದಳು. ಪರರ ಕೂದಲಿನಿಂದ ಆದ ಆ ತುರುಬಿನಲ್ಲಿ ಪೊಳ್ಳು ಶೃಂಗಾರವನ್ನು ಕಂಡವರು ಇದ್ದರೆ, ಅವರಿಗೆ ಕಣ್ಣಿರಲಿಲ್ಲ ಎನ್ನಬೇಕು. ಮೈಯ ಮೇಲೆ ಬಿದ್ದ ಭಾರವೂ ಕೂದಲೇ, ತಾನಾಗಿ ಎತ್ತಿ ಇಟ್ಟುಕೊಂಡ ಅಲಂಕಾರವೂ ಕೂದಲೇ. ಒಂದನ್ನು ತೆಗೆಯಲು ಅವಳಿಗೆ ಅಧಿಕಾರವಿರಲಿಲ್ಲ. ಇನ್ನೊಂದನ್ನು ಪ್ರತಿ ರಾತ್ರಿ ತೆಗೆದು ಗೂಟಕ್ಕೆ ತೂಗುಹಾಕುತ್ತಿದ್ದಳು.

ಹಾಗಾದರೆ ಪರರ ಕೂದಲು ಎಲ್ಲಿಂದ ಬರುತ್ತದೆ? ಇಂದು ಊರೂರಿನಲ್ಲಿ ವ್ಯಾಪಾರಿಗಳು ಸೈಕಲ್ಲಿನ ಮೇಲೆ, ಮೋಟರಿನ ಮೇಲೆ ಬಂದು ಕೂದಲಿಗೆ ಪಿನ್ನು, ಬಲೂನು, ಸ್ಟೀಲ್ ಪಾತ್ರೆ ಎಂದು ಕೂಗುತ್ತಾರೆ. ಗೋಡೆಯ ಮಾಡದಲ್ಲಿದ್ದ ಉಂಡೆ ಈಗ ಅವರ ಚೀಲಕ್ಕೆ ಹೋಗುತ್ತದೆ. ಇಂಥ ಕೂದಲನ್ನು ಬಿಡಿಸಿ ಹಸನು ಮಾಡುವ ದೊಡ್ಡ ಕೇಂದ್ರ ನಮ್ಮ ರಾಜ್ಯದಲ್ಲೇ ಇದೆ. ಕೊಪ್ಪಳದ ಮಗ್ಗುಲಿನ ಭಾಗ್ಯನಗರ. ಅಲ್ಲಿ ಹೆಂಗಸರು ಸಾಲಾಗಿ ಕುಳಿತು ಗುಂಜುಗಳನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ, ಉದ್ದವನ್ನು ಅಳೆದು ಕಟ್ಟು ಕಟ್ಟುತ್ತಾರೆ. ಕೂದಲು ದೇಶಾಂತರಕ್ಕೆ ಹೋಗುತ್ತದೆ. ಹಸನು ಮಾಡದ ಕಚ್ಚಾ ಕೂದಲು ಕದ್ದುಮುಚ್ಚಿ ಗಡಿ ದಾಟುವುದರಿಂದ ನಮ್ಮ ಕೆಲಸಗಾರರ ಕೈ ಬರಿದಾಗುತ್ತದೆಂಬ ದೂರು ಎದ್ದು, 2022ರ ಜನವರಿಯಲ್ಲಿ ಭಾರತ ಸರ್ಕಾರ ಅದರ ರಫ್ತಿಗೆ ನಿರ್ಬಂಧ ಹಾಕಿತು. ಇನ್ನೊಂದು ಮೂಲ ತಿರುಮಲೆಯ ಮುಡಿ. ಭಕ್ತರು ಅರ್ಪಿಸಿದ ಕೂದಲನ್ನು ದೇವಸ್ಥಾನದವರು ಹರಾಜಿನಲ್ಲಿ ಮಾರುತ್ತಾರೆ. 2004ರಲ್ಲಿ ಜೆರೂಸಲೆಮ್ಮಿನ ಯೆಹೂದಿ ಧರ್ಮಗುರು ಎಲ್ಯಾಶಿವ್ ಅವರು, ಅನ್ಯದೇವರಿಗೆ ಅರ್ಪಿತವಾದ ಈ ಕೂದಲಿನ ಟೋಪನ್ನು ತಮ್ಮ ಹೆಂಗಸರು ಧರಿಸಬಾರದೆಂದು ವಿಧಿಸಿದಾಗ, ಜೆರೂಸಲೆಮ್ಮಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಬೀದಿಯಲ್ಲಿ ಟೋಪುಗಳನ್ನು ಸುಟ್ಟರು. ಆಂಧ್ರದ ಬೆಟ್ಟದ ಮೇಲೆ ಹರಕೆ ತೀರಿಸಿದ ತಾಯಿಗೆ ತನ್ನ ಕೂ­ದಲು ಹೀಗೆ ಇನ್ನೊಂದು ಖಂಡದಲ್ಲಿ ಧರ್ಮಸೂಕ್ಷ್ಮವನ್ನು ಎಬ್ಬಿಸಿತೆಂಬುದು ಕನಸಿನಲ್ಲಿಯೂ ಹೊಳೆದಿರಲಿಕ್ಕಿಲ್ಲ. ಕೊಟ್ಟವಳಿಗೆ ಅದು ಭಕ್ತಿ, ಕೊಂಡವಳಿಗೆ ಅಲಂಕಾರ, ನಡುವಿನವನಿಗೆ ಸರಕು.

ಇಷ್ಟು ಹಿನ್ನೆಲೆಯಿಂದ ಈಗ ಇಂದಿನ ಮಾತಿಗೆ ಬರುತ್ತೇನೆ. ಚಿಕ್ಕೋಡಿಯಲ್ಲಿರುವ ನನ್ನ ಅಣ್ಣನ ಮಗಳು ಮೊನ್ನೆ ಫೋನಿನಲ್ಲಿ ಕೇಳಿದಳು: "ಅತ್ತೀ, ಕೂದಲಾ ಜೋಡಿಸಿಕೊಳ್ಳಾಕ ಶನಿವಾರ ಬಾ ಅಂದಾರ. ಹೋಗೂಕಿಂತ ಮೊದಲ ಏನೇನ ತಯಾರಿ ಮಾಡ್ಕೋಬೇಕ್ರಿ?" ಎರಡು ತಿಂಗಳ ಹಿಂದೆ ಅವಳಿಗೆ ಟೈಫಾಯ್ಡ್ ಆಗಿತ್ತು. ಕೂದಲು ಹಿಡಿ ಹಿಡಿಯಾಗಿ ಉದುರುತ್ತಿತ್ತು, ಮದುವೆ ನಿಶ್ಚಯವಾಗಿತ್ತು. ಅವಳ ದನಿಯಲ್ಲಿ ಸಂಭ್ರಮಕ್ಕಿಂತ ಅಂಜಿಕೆಯೇ ಹೆಚ್ಚಾಗಿತ್ತು. ನಾನು ಓದಿ ಕೇಳಿ ತಿಳಿದದ್ದನ್ನು ಅವಳಿಗೆ ಹೇಳಿದೆ. ಅದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು, ಕೂದಲು ಏಕೆ ಉದುರುತ್ತಿದೆ ಎಂದು ತಿಳಿಯುವುದು. ದೊಡ್ಡ ಜ್ವರದ ಅನಂತರ, ಹೆರಿಗೆಯ ಅನಂತರ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಸಹಜ. ಕೆಲವು ತಿಂಗಳಲ್ಲಿ ಅದು ತಾನಾಗಿ ಮರಳಿ ಬರುತ್ತದೆ. ರಕ್ತಹೀನತೆ, ಥೈರಾಯ್ಡ್ ದೋಷಗಳಿದ್ದರೆ ವೈದ್ಯರ ಚಿಕಿತ್ಸೆ ಬೇಕು. ಉದುರುವ ಕಾಲದಲ್ಲಿ ಸಡಿಲವಾದ ಬೇರಿಗೆ ಪರರ ಕೂದಲಿನ ಭಾರ ಹೊರಿಸುವುದು ಬಾಣಂತಿಯ ತಲೆಯ ಮೇಲೆ ಕೊಡ ಹೊರಿಸಿದಂತೆ. ಎರಡನೆಯದು, ತಲೆಯ ಚರ್ಮ. ಹುಣ್ಣು, ಹೊಟ್ಟು, ಹೇನು, ಹುಳುಕಡ್ಡಿ ಯಾವುದೇ ಇದ್ದರೂ ಮೊದಲು ಅದು ವಾಸಿಯಾಗಬೇಕು. ಅಂಟಿನಿಂದ ಕೂಡಿಸುವ ವಿಧಾನವಾದರೆ ಎರಡು ದಿನ ಮೊದಲು ಕಿವಿಯ ಹಿಂದೆ ಒಂದಿಷ್ಟು ಹಚ್ಚಿಸಿಕೊಂಡು ತುರಿಕೆ ಬರುವುದೋ ನೋಡಬೇಕು. ಮೂರನೆಯದು, ಸ್ವಂತ ಕೂದಲು ನಾಲ್ಕು ಬೆರಳಿನಷ್ಟಾದರೂ ಉದ್ದವಿರಬೇಕು. ಇಲ್ಲದಿದ್ದರೆ ಸೇರಿಕೆ ಮುಚ್ಚುವುದಿಲ್ಲ. ಹಿಂದಿನ ದಿನ ತಲೆ ತೊಳೆದು ಪೂರ್ಣ ಒಣಗಿಸಿ ಹೋಗಬೇಕು. ಮುಖ್ಯವಾಗಿ ಎಣ್ಣೆ ಹಚ್ಚಬಾರದು. ಎಣ್ಣೆಯಲ್ಲಿ ಅಂಟು ನಿಲ್ಲುವುದಿಲ್ಲ. ಕೊಬ್ಬರಿ ಎಣ್ಣೆಯಿಲ್ಲದೆ ಹೊಸ್ತಿಲು ದಾಟಬಾರದೆಂದು ಕಲಿಸಿದ ಅಜ್ಜಿಗೆ ಈ ಒಂದು ದಿನ ಕ್ಷಮೆ ಕೇಳಬೇಕಾಗುತ್ತದೆ. ಬಣ್ಣವನ್ನು ದೀಪದ ಬೆಳಕಿನಲ್ಲಿ ಅಲ್ಲ, ಬಾಗಿಲಿನ ಬೆಳಕಿನಲ್ಲಿ, ಸ್ವಂತ ಕೂದಲಿನ ತುದಿಗೆ ಹೊಂದಿಸಿ ಆರಿಸಬೇಕು.

ನಾಲ್ಕನೆಯದು ಬಿಗಿತದ ವಿಷಯ. ಕೂದಲನ್ನು ಸದಾ ಬಿಗಿಯಾಗಿ ಎಳೆದು ಕಟ್ಟುವ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಹಣೆಯಂಚಿನ ಕೂದಲು ಶಾಶ್ವತವಾಗಿ ಹೋಗುವುದನ್ನು ಟ್ರೆಬಿಟ್ಷ್ ಎಂಬ ವಿದ್ವಾಂಸ 1907ರಲ್ಲಿಯೇ ದಾಖಲಿಸಿದ್ದಾನೆ. ನಮ್ಮಲ್ಲಿಯೂ ಎಳೆಯ ಹುಡುಗಿಯರಿಗೆ ಕಣ್ಣು ಮೇಲೇರುವಷ್ಟು ಬಿಗಿದು ಹೆರಳು ಹಾಕುವ ತಾಯಂದಿರಿದ್ದಾರೆ. ಸೌಂದರ್ಯಕ್ಕೆ ನೋವು ಸಹಜವೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಮರುದಿನವೂ ತಲೆ ನೋಯುತ್ತಿದ್ದರೆ ಸಡಿಲಿಸಲು ಹೇಳುವ ಧೈರ್ಯವನ್ನು ಮೊದಲೇ ಕೂಡಿಸಿಕೊಂಡು ಹೋಗಬೇಕು. ಅಜ್ಜಿಯ ಚವರಿ ರಾತ್ರಿ ಕೆಳಗಿಳಿಯುತ್ತಿತ್ತು. ಇಂದಿನ ಜೋಡಣೆ ವಾರಗಟ್ಟಲೆ ತಲೆಯಲ್ಲೇ ಉಳಿಯುತ್ತದೆ. ಆದ್ದರಿಂದ ಕೂಡಿಸುವ ದಿನದ ಜತೆಗೆ ಬಿಡಿಸುವ ದಿನವನ್ನೂ, ಬಿಡಿಸುವವರು ಯಾರೆಂಬುದನ್ನೂ, ಅದಕ್ಕೆ ತಗಲುವ ಹಣವನ್ನೂ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಮೊದಲ ಸಲಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸಿ ತೆಗೆಯುವ ಬಗೆಯೇ ಲೇಸು. ಅದು ಅಜ್ಜಿಯ ಚವರಿಯ ಮೊಮ್ಮಗಳು.

ಐದನೆಯದಾಗಿ, ಇದು ಮನುಷ್ಯರ ಕೂದಲೋ, ಕೃತಕ ನೂಲೋ, ಮನುಷ್ಯರದಾದರೆ ಎಲ್ಲಿಯದು ಎಂದು ಕೇಳಬೇಕು. ಉತ್ತರ ಯಾವಾಗಲೂ ಸಿಕ್ಕೀತೆಂದಲ್ಲ. ಆದರೂ ಕೇಳುವುದರಲ್ಲಿ ಅರ್ಥವಿದೆ. ಕೃತಕ ನೂಲು ಕಾಯಿಸಿದ ಇಸ್ತ್ರಿಯನ್ನು ತಾಳಲಾರದು. ಹಣಿಗೆಯಿಂದ ಆರಿಸಿದ ಕೂದಲಿನಲ್ಲಿ ಬೇರೂ ತುದಿಯೂ ಬೆರೆತು, ಹುರುಪೆಗಳು ಎದುರುಬದುರಾಗಿ, ಬೇಗ ಸಿಕ್ಕಾಗುತ್ತದೆ. ಒಂದೇ ತಲೆಯಿಂದ ಒಂದೇ ದಿಕ್ಕಿನಲ್ಲಿ ಕತ್ತರಿಸಿದ್ದು ನಯವಾಗಿ ಇಳಿಯುತ್ತದೆ. ಇದು ಲಾಭದ ಮಾತು. ಅದಕ್ಕಿಂತ ಮೇಲಿನ ಮಾತೆಂದರೆ, ಆ ಎಳೆಗಳ ಹಿಂದೆ ಗುಂಜು ಬಿಡಿಸುತ್ತ ಕುಳಿತ ಒಬ್ಬ ಹೆಂಗಸಿದ್ದಾಳೆ, ಹರಕೆ ತೀರಿಸಿದ ಇನ್ನೊಬ್ಬಳಿದ್ದಾಳೆ. ಅವರ ನೆನಪಿದ್ದವಳು ಆ ಕೂದಲನ್ನು ಕಸದಂತೆ ಕಾಣುವುದಿಲ್ಲ.

ಕೊನೆಯ ಸಿದ್ಧತೆಯನ್ನು ನಾನು ಪ್ರಶ್ನೆಯ ರೂಪದಲ್ಲಿಯೇ ಅವಳ ಮುಂದಿಟ್ಟೆ. ಇದು ನಿನಗೆ ಬೇಕೋ, ಬೀಗರ ಕಣ್ಣಿಗೆ ಬೇಕೋ? ಬೀಗರಿಗಾಗಿಯಾದರೆ ಟೈಫಾಯ್ಡಿನ ಸಂಗತಿಯನ್ನು ಅವರಿಗೆ ತಿಳಿಸಿಬಿಡುವುದು ಅಂಟಿಗಿಂತ ಗಟ್ಟಿಯಾದ ಜೋಡಣೆ. ನಿನಗಾಗಿಯಾದರೆ ಸಂತೋಷದಿಂದ ಹೋಗು. ಕೂದಲು ಸೇರಿಸಿಕೊಳ್ಳುವುದರಲ್ಲಿ ನಾಚಿಕೆ ಪಡುವಂಥದು ಏನೂ ಇಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗ ಬೇಕ್ರಿ ಅತ್ತಿ, ಖರೇನ ಬೇಕು. ಆದರ ಈಗ ಬ್ಯಾಡ" ಎಂದಳು. ಮದುವೆ ಮಾಘದಲ್ಲಿದೆ. ಶನಿವಾರದ ದಿನವನ್ನು ಅವಳು ಎರಡು ತಿಂಗಳು ಮುಂದಕ್ಕೆ ಹಾಕಿಸಿಕೊಂಡಿದ್ದಾಳೆ. ಅಷ್ಟರಲ್ಲಿ ಬೇರಿನ ಬಳಿ ಎಳೆಯ ಕೂದಲು ಚಿಗುರುತ್ತಿದೆಯಂತೆ. ಹಣಿಗೆಗೆ ಬಂದದ್ದನ್ನು ಅವಳೀಗ ವ್ಯಾಪಾರಿಗೆ ಕೊಡುತ್ತಿಲ್ಲ. ಒಂದು ಡಬ್ಬಿಯಲ್ಲಿ ಕೂಡಿಸಿಡುತ್ತಿದ್ದಾಳೆ.